ಹಿಂಗಾಲಿಗೆ ಬಡ್ತಿ

ನಾನು: ಈ ಸಲ ನಾನು ಹಿಂಗಾಲಾಗಲ್ಲ. ಈಗ್ಲೇ ಹೇಳ್ಬಿಟ್ಟಿದೀನಿ.

ಹೆಂಡತಿ: ಕೇಳಿಸ್ತು. ಆ ಕತ್ತರಿ ಕೊಡು.

ನಾನು: ಕತ್ತರಿ ಕೊಡ್ತೀನಿ. ಕತ್ತರಿ ಕೊಟ್ಟ ಅಂತ ಕಾಲಾಗೋಕೆ ಒಪ್ಕೊಂಡ ಅಂತ ಅಂದ್ಕೋಬೇಡ.

ಹೆಂಡತಿ: ಹಿಂದಿನ ಎರಡು ಕಾಲಿಲ್ಲದೆ ಮೃಗ ಹೇಗಾಗುತ್ತೆ? ಮುಂದಿನ ಎರಡೇ ಇದ್ರೆ ಅದು ಬರೀ ನಾನು.

ನಾನು: ಹಿಂದೆ ನೀನು ಹೋಗು. ಮುಂದೆ ನಾನು ಬರ್ತೀನಿ.

ಅವಳು ಸೂಜಿಯನ್ನು ಬಟ್ಟೆಗೆ ಚುಚ್ಚಿ ನಿಲ್ಲಿಸಿ, ಆವತ್ತು ಮೊದಲ ಸಲ ತಲೆ ಎತ್ತಿ ನನ್ನನ್ನು ನೋಡಿದಳು. ಲ್ಯಾಬಿನಲ್ಲಿ ಯಾರದೋ ಹಲ್ಲಿನ ಅಚ್ಚು ಸೊಟ್ಟಗೆ ಬಂದಾಗ ಹೀಗೇ ನೋಡುತ್ತಾಳಂತೆ. ಅವಳ ಕೆಲಸ ಹಲ್ಲಿನ ಸೆಟ್ಟು ಕಟ್ಟುವುದು. ನನ್ನ ಕೆಲಸ ಒಂದು ವಿಮಾ ಕಂಪನಿಯಲ್ಲಿ ಫೋನೆತ್ತಿ ಜನರ ದೂರು ಕೇಳಿ, ಅದನ್ನು ಒಂದೇ ಸಾಲಿಗೆ ಇಳಿಸಿ ಮೇಲಿನವರಿಗೆ ಕಳಿಸುವುದು. ಮೇಲಿನವರು ಅದನ್ನು ಓದುತ್ತಾರೋ ಇಲ್ಲವೋ ಎನ್ನುವುದು ನನ್ನ ಕೆಲಸದ ವ್ಯಾಪ್ತಿಗೆ ಬರುವುದಿಲ್ಲ.

ಇಷ್ಟು ಮಾತು ನಡೆದದ್ದು ನಮ್ಮ ಮನೆಯ ನಡುಕೋಣೆಯಲ್ಲಿ. ಬೇರೆಯವರ ಮನೆಯಲ್ಲಿ ಸೋಫಾ ಇರುವ ಜಾಗದಲ್ಲಿ ನಮ್ಮಲ್ಲಿ ಮೃಗ ಇದೆ. ಸೋಫಾ ಬಾಲ್ಕನಿಯಲ್ಲಿ ಒಗೆದ ಬಟ್ಟೆ ಹೊತ್ತುಕೊಂಡು ಕಾಲ ಕಳೆಯುತ್ತಿದೆ. ಮೃಗವೆಂದರೆ ‘ಗವಿಯ ಕಾವಲು’ ಎಂಬ ಹಳೆಯ ಬೋರ್ಡ್ ಗೇಮಿನ ಡಬ್ಬದ ಮೇಲಿರುವ ಪ್ರಾಣಿ. ನಿಧಿಯ ಮುಂದೆ ಮೈಚಾಚಿ ಮಲಗಿರುತ್ತದೆ. ಆಡುವವರು ಅದನ್ನು ಎಬ್ಬಿಸದೆ ಗವಿ ಹೊಕ್ಕು ಹೊರಬರಬೇಕು. ಆ ಮೃಗವನ್ನು ನಾವು ಫೋಮು, ಕ್ಯಾನ್ವಾಸು ಮತ್ತು ಹಳೆಯ ಪರದೆಗಳಿಂದ ಇಬ್ಬರು ಹೊಕ್ಕು ನಡೆಯುವಷ್ಟು ದೊಡ್ಡದಾಗಿ ಕಟ್ಟಿದ್ದೆವು. ಹಲ್ಲುಗಳು ಅವಳ ಲ್ಯಾಬಿನ ಅಕ್ರಿಲಿಕ್ಕಿನವು. ಒಸಡಿನ ಬಣ್ಣ ಕೂಡ ಪಕ್ಕಾ. ಸೈಕಲ್ ಬ್ರೇಕಿನ ಹಿಡಿ ಒತ್ತಿದರೆ ಕೇಬಲ್ ಎಳೆದು ಬಾಯಿ ತೆರೆಯುತ್ತದೆ, ಬಿಟ್ಟರೆ ಮುಚ್ಚಿಕೊಳ್ಳುತ್ತದೆ. ಬಾಲ ಹೊಲಿದುಕೊಟ್ಟವರು ನಮ್ಮ ಅತ್ತೆ.

ಈ ಮೃಗದೊಂದಿಗೆ ನಾವು ಹೋಗದ ಜಾಗವಿಲ್ಲ. ಪುಸ್ತಕ ಮೇಳ, ಕಾಮಿಕ್ಸ್ ಸಮ್ಮೇಳನ, ಆಟಗಳ ಮೇಳ, ಒಮ್ಮೆ ಹೊಸ ಸಿನಿಮಾ ಬಿಡುಗಡೆಯ ದಿನ ಥಿಯೇಟರಿನ ಅಂಗಳ. ಹೋದಲ್ಲೆಲ್ಲ ಅವಳು ಮುಂದೆ, ತಲೆಯೊಳಗೆ; ನಾನು ಹಿಂದೆ, ಸೊಂಟ ಬಗ್ಗಿಸಿ, ಅವಳ ಬೆಲ್ಟು ಹಿಡಿದುಕೊಂಡು. ನಾನು ಈ ಮೇಳಗಳಲ್ಲಿ ಕಂಡದ್ದೆಂದರೆ ನೆಲ ಮತ್ತು ನೆಲದ ಮೇಲೆ ನಿಂತ ಚಪ್ಪಲಿಗಳು. ಮಿಕ್ಕಿದ್ದೆಲ್ಲ ಅವಳು ಮುಂದಿನಿಂದ ಹೇಳುತ್ತಾ ಹೋಗುತ್ತಿದ್ದಳು. ಎಡಗಡೆ ಒಬ್ಬ ರೋಬೋಟು ಬೆವರು ಒರೆಸಿಕೊಳ್ಳುತ್ತಿದ್ದಾನೆ, ಬಲಗಡೆ ಇಬ್ಬರು ಒಂದೇ ವೇಷ ಹಾಕಿಕೊಂಡು ಬಂದು ಪರಸ್ಪರ ನೋಡದ ಹಾಗೆ ನಟಿಸುತ್ತಿದ್ದಾರೆ, ಹೀಗೆ. ಸೋಮವಾರ ಆಫೀಸಿನಲ್ಲಿ ನಾನು ಅದನ್ನೇ ಕಣ್ಣಾರೆ ಕಂಡವನಂತೆ ಹೇಳುತ್ತಿದ್ದೆ. ಪಕ್ಕದ ಮೇಜಿನವನು ಒಂದು ದಿನ, ನೀನು ಮೇಳಕ್ಕೆ ಹೋಗಿದ್ದೆಯೋ ರೇಡಿಯೋದಲ್ಲಿ ಕೇಳಿದೆಯೋ ಎಂದ. ಅದು ಮನಸ್ಸಿಗೆ ನಾಟಿತು.

ಫೋಟೊಗಳ ಕಥೆ ಇನ್ನೊಂದು. ಅತ್ತೆ ಫೋನು ಮಾಡಿ, ಎಲ್ಲಾ ನೋಡಿದೆ ಕಣೇ, ಅಳಿಯಂದಿರು ಎಲ್ಲಿ ಎಂದು ಕೇಳಿದ್ದರು. “ಹೊಟ್ಟೆಯಿಂದಾಚೆ ಎಲ್ಲಾ ಅವರೇ ಅಮ್ಮ” ಎಂದಿದ್ದಳು ಇವಳು. ಅತ್ತೆ ಆಮೇಲೆ ಬಾಲದ ಹೊಲಿಗೆ ಹೇಗೆ ತಡೆದಿದೆ ಎಂದು ವಿಚಾರಿಸಿಕೊಂಡರು.

ಇಷ್ಟಾದರೂ ನಾನು ಬಾಯಿ ಬಿಟ್ಟವನಲ್ಲ. ಈಗ ಬಿಟ್ಟದ್ದಕ್ಕೆ ಕಾರಣವಿತ್ತು.

ನಾನು: ಭಾನುವಾರದ ಮೇಳಕ್ಕೆ ಅವರು ಮತ್ತೆ ಬರ್ತಾರಂತೆ. ವೇಷ ಸ್ಪರ್ಧೆಗೆ ಅವರೇ ತೀರ್ಪುಗಾರರು.

ಹೆಂಡತಿ: ಗೊತ್ತು. ಅದಕ್ಕೇ ಒಸಡಿಗೆ ಮತ್ತೆ ಪಾಲಿಶ್ ಹಾಕ್ತಿರೋದು.

ಅವರು ಎಂದರೆ ಆ ಡಬ್ಬದ ಮೇಲಿನ ಮೃಗವನ್ನು ಬರೆದ ಕಲಾವಿದೆ. ನಾನು ಶಾಲೆಗೆ ಹೋಗುವಾಗ ಪಾಠ ಕೇಳುವ ಬದಲು ಆ ಮೃಗವನ್ನು ನಕಲು ಮಾಡುತ್ತಿದ್ದೆ. ನನ್ನ ಕೈಯಲ್ಲಿ ಅದು ಯಾವಾಗಲೂ ಮೂಲಂಗಿಯಂತೆ ಬರುತ್ತಿತ್ತು. ಹೇಗೆ ಬರೆದರು ಎಂದು ಅವರನ್ನೇ ಕೇಳಬೇಕೆಂಬ ಆಸೆ ಆಗ ಹುಟ್ಟಿದ್ದು, ಸಂಬಳ ಬರಲು ಶುರುವಾದ ಮೇಲೂ ಹೋಗಲಿಲ್ಲ. ಈ ಆಟವನ್ನು ಹೆಂಡತಿಗೆ ಕಲಿಸಿದವನೂ ನಾನೇ. ಕಳೆದ ಆಟಗಳ ಮೇಳದಲ್ಲಿ ಕಲಾವಿದೆ ನಮ್ಮ ಮೃಗದ ಮುಂದೆ ಬಂದು ನಿಂತು ಬಹಳ ಹೊತ್ತು ಮಾತಾಡಿದರು. ಮಾತಾಡಿದ್ದು ತಲೆಯ ಜೊತೆ.

ನಾನು: ನೀನು ಅವರ ಮುಖ ನೋಡ್ದೆ. ನಾನು ಬೂಟು ನೋಡ್ದೆ.

ಹೆಂಡತಿ: ಹೇಗಿತ್ತು?

ನಾನು: ಕಂದು. ಹಿಮ್ಮಡಿ ಒಂದು ಕಡೆ ಸವೆದಿತ್ತು.

ಹೆಂಡತಿ: ನೋಡು, ನಂಗೆ ಅದು ಕಾಣಿಸ್ಲೇ ಇಲ್ಲ. ಹಿಂದೆ ಇದ್ದೋರಿಗೇ ಸೂಕ್ಷ್ಮ ಜಾಸ್ತಿ.

ನಾನು: ನಂಗೆ ಸೂಕ್ಷ್ಮ ಬೇಡ. ಅವರ ಹತ್ರ ಒಂದು ಮಾತಾಡ್ಬೇಕು. ಅಷ್ಟೇ.

ಹೆಂಡತಿ: ಯಾವ ಮಾತು?

ನಾನು: ಅದನ್ನ ಅಲ್ಲಿ ನೋಡ್ಕೊಳ್ತೀನಿ.

ಹೆಂಡತಿ: ಕಾಮಿಕ್ಸ್ ಸಮ್ಮೇಳನದಲ್ಲಿ ನೋಡ್ಕೊಂಡ ಹಾಗೆ.

ಇಲ್ಲಿ ಅವಳು ಎತ್ತಬಾರದ ವಿಷಯ ಎತ್ತಿದಳು. ಆ ಸಮ್ಮೇಳನದಲ್ಲಿ ನಾನು ನನ್ನ ಮೆಚ್ಚಿನ ಕಥೆಗಾರರೊಬ್ಬರ ಹಸ್ತಾಕ್ಷರಕ್ಕೆಂದು ಊಟ ಬಿಟ್ಟು ಸರದಿಯಲ್ಲಿ ನಿಂತಿದ್ದೆ. ನನ್ನ ಸರದಿ ಬಂತು. ಅವರು ತಲೆ ಎತ್ತಿ ನಕ್ಕರು. ನಾನು ಹೊರಗೆ ಹೋಗುವ ದಾರಿ ಯಾವುದು ಎಂದು ಕೇಳಿದೆ. ಅವರು ಪೆನ್ನಿನಿಂದ ತೋರಿಸಿದರು. ನಾನು ಹೋದೆ.

ಹೆಂಡತಿ ಮುಂದುವರಿಸಿ, ಮುಂಭಾಗವೆಂದರೆ ಸುಮ್ಮನೆ ಮುಂದೆ ನಿಲ್ಲುವುದಲ್ಲ, ಜನ ಮಾತಾಡಿಸುತ್ತಾರೆ, ಉತ್ತರ ಕೊಡಬೇಕು, ನಿನಗೆ ಲಿಫ್ಟಿನಲ್ಲಿ ಪಕ್ಕದ ಮನೆಯವರು ಸಿಕ್ಕರೂ ಮಹಡಿಯ ನಂಬರು ಓದುತ್ತಾ ನಿಲ್ಲುವ ಅಭ್ಯಾಸ ಎಂದಳು. ಸಿನಿಮಾಕ್ಕೆ ಹೋದರೆ ಮಾತ್ರ ಬಾಯಿಗೆ ಬೀಗವಿಲ್ಲ, ಎಲ್ಲರೂ ಅಳುವ ಜಾಗದಲ್ಲಿ ನಾಯಕನ ಕತ್ತಿ ಹಿಂದಿನ ದೃಶ್ಯದಲ್ಲಿ ಎಡಗೈಯಲ್ಲಿತ್ತು ಎಂದು ಸಾಲಿಗೆಲ್ಲ ಕೇಳುವಂತೆ ಹೇಳುತ್ತೀಯ ಎಂದಳು. ಎಡಗೈಯಲ್ಲೇ ಇತ್ತು ಎಂದೆ. ಇತ್ತು, ನಾನೂ ನೋಡಿದೆ, ನಾನು ಅತ್ತು ಮುಗಿಸಿ ಹೇಳೋಣ ಅಂತಿದ್ದೆ ಎಂದಳು. ಸ್ವಲ್ಪ ಹೊತ್ತು ಇಬ್ಬರೂ ಕತ್ತಿಯ ವಿಷಯದಲ್ಲಿ ಒಂದಾಗಿದ್ದೆವು.

ಆಮೇಲೆ ನಾನು ಮತ್ತೆ ಶುರು ಮಾಡಿದೆ. ಬಾಲ ಬಿಚ್ಚಬೇಡ ಎಂದಳು. ಇಷ್ಟು ದಿನ ಬಾಲ ನನ್ನ ಸುಪರ್ದಿಯಲ್ಲೇ ಇದ್ದದ್ದರಿಂದ ನನಗೆ ಅದು ಚುಚ್ಚಿತು. ನಾನು ಮಾತು ನಿಲ್ಲಿಸಿದೆ. ನನ್ನ ಮಾತಿಗಿಂತ ನನ್ನ ಮೌನ ಅವಳಿಗೆ ಬೇಗ ತಲುಪುತ್ತದೆ.

ಹೆಂಡತಿ: ಅಷ್ಟೊಂದು ಆಸೆ ಇದೆಯಾ?

ನಾನು: ಇದೆ.

ಹೆಂಡತಿ: ಸರಿ. ಆದ್ರೆ ಒಂದು ಷರತ್ತು. ಹಿಂದೆ ಕತ್ತಲು. ನಾನು ನಿಂಗೆ ಹೇಳ್ತಿದ್ದ ಹಾಗೆ ನೀನು ನಂಗೆ ಎಲ್ಲಾ ಹೇಳ್ಬೇಕು. ಒಂದೂ ಬಿಡೋ ಹಾಗಿಲ್ಲ.

ಹೇಳುವುದೇನು ಮಹಾ ಎಂದುಕೊಂಡು ಒಪ್ಪಿದೆ.

ಭಾನುವಾರ ಮೇಳದ ಸಭಾಂಗಣದ ಹಿಂದಿನ ಪಾರ್ಕಿಂಗಿನಲ್ಲಿ, ಎರಡು ವ್ಯಾನುಗಳ ನಡುವೆ ನಾವು ಮೃಗದೊಳಗೆ ಹೊಕ್ಕೆವು. ಮುಂಭಾಗದ ವೈಭವ ನನಗೆ ಹೊಸದು. ನೆಟ್ಟಗೆ ನಿಲ್ಲಬಹುದು. ಗಾಳಿ ಇದೆ. ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ನಡುವಿನ ಸಂದಿಯಲ್ಲಿ ಲೋಕ ಉದ್ದುದ್ದಕ್ಕೆ ಕಾಣುತ್ತದೆ. ಬೆನ್ನ ಹಿಂದೆ ಅವಳು ನನ್ನ ಬೆಲ್ಟು ಹಿಡಿದು, ಇದನ್ನ ಯಾವಾಗ ತಗೊಂಡಿದ್ದು, ಹೊಲಿಗೆ ಬಿಟ್ಟಿದೆ ಎಂದಳು. ಸಭಾಂಗಣದ ಒಳಗೆ ನಡೆದೆವು.

ಹೆಂಡತಿ: ಏನ್ ಕಾಣ್ತಿದೆ?

ನಾನು: ಜನ.

ಹೆಂಡತಿ: ಎಂಥ ಜನ?

ನಾನು: ತುಂಬ.

ಹೆಂಡತಿ: ಏನ್ ಮಾಡ್ತಿದಾರೆ?

ನಾನು: ಇದಾರೆ.

ಹೆಂಡತಿ: ವೇಷ ಹಾಕಿದಾರಾ?

ನಾನು: ಕೆಲವರು.

ಹೆಂಡತಿ: ಯಾವ ವೇಷ?

ನಾನು: ಬೇರೆ ಬೇರೆ.

ಆಮೇಲೆ ನನ್ನ ಬೆನ್ನಿನ ಹತ್ತಿರದಿಂದ ತಣ್ಣಗಿನ ದನಿ ಬಂತು. ಹವಾಮಾನ ವರದಿ ಇದಕ್ಕಿಂತ ರಸವತ್ತಾಗಿರುತ್ತೆ ಎಂದಳು. ಹತ್ತು ಮಾತನ್ನು ಒಂದಕ್ಕಿಳಿಸುವುದಕ್ಕೇ ನನಗೆ ಸಂಬಳ ಕೊಡುವುದು, ಒಂದನ್ನು ಹತ್ತು ಮಾಡುವ ವಿಭಾಗ ನಮ್ಮಲ್ಲಿ ಬೇರೆ ಇದೆ ಎಂದೆ. ಅದು ಜಾಹೀರಾತು ವಿಭಾಗ. ಅವರು ಮೇಲಿನ ಮಹಡಿಯಲ್ಲಿ ಕೂರುತ್ತಾರೆ.

ಹೇಳುವವರಿಲ್ಲದ ಮೇಲೆ ಅವಳು ಬೇಜಾರು ಕಳೆಯಲು ಕಾಲು ಆಡಿಸತೊಡಗಿದಳು. ನಮ್ಮ ಮೃಗದ ಮುಂಭಾಗ ವಿಮಾ ಕಂಪನಿಯ ನೌಕರನಂತೆ ಎಚ್ಚರಿಕೆಯಿಂದ ಹೆಜ್ಜೆ ಇಡುತ್ತಿದ್ದರೆ ಹಿಂಭಾಗ ಒಂದು ಕಾಲೆತ್ತಿ ಕುಪ್ಪಳಿಸುವುದು, ಬಾಲವನ್ನು ಎಡಬಲಕ್ಕೆ ಬೀಸುವುದು, ತಿರುವಿನಲ್ಲಿ ನನ್ನನ್ನು ದಾಟಿ ಮುಂದೆ ಹೋಗಲು ನೋಡುವುದು ನಡೆದಿತ್ತು. ಫೋಟೊ ತೆಗೆಯುವವರು ಒಬ್ಬೊಬ್ಬರಾಗಿ ಹಿಂದಕ್ಕೆ ಸರಿದರು. ನನ್ನೆದುರು ಉಳಿದವರೆಂದರೆ ನೀರಿನ ಬಾಟಲಿ ಮಾರುವವರು ಮಾತ್ರ.

ಆಗ ಅವರು ಬಂದರು.

ಬಿಳಿ ಕೂದಲು, ಕುತ್ತಿಗೆಯಲ್ಲಿ ದಾರಕ್ಕೆ ಕಟ್ಟಿದ ಕನ್ನಡಕ, ಎದೆಯ ಮೇಲೆ ತೀರ್ಪುಗಾರರ ಬಿಲ್ಲೆ. ನೇರ ನನ್ನ ಬಾಯಿಯ ಮುಂದೆ ನಿಂತು, ಕನ್ನಡಕ ಏರಿಸಿ, ಹಲ್ಲುಗಳ ನಡುವೆ ಇಣುಕಿದರು. ನಮಸ್ಕಾರ ಎಂದರು. ನನ್ನ ಕೈ ಬ್ರೇಕು ಒತ್ತಿತು. ಮೃಗದ ಬಾಯಿ ತೆರೆಯಿತು. ಬಿಟ್ಟೆ, ಮುಚ್ಚಿತು. ಮತ್ತೆ ಒತ್ತಿದೆ. ಒಳಗೆ ನನ್ನ ಬಾಯಿಯೂ ಅದೇ ತಾಳಕ್ಕೆ ತೆರೆದು ಮುಚ್ಚುತ್ತಿತ್ತು. ಮಾತು ಮಾತ್ರ ಎರಡರಿಂದಲೂ ಹೊರಡಲಿಲ್ಲ.

ಹೆಂಡತಿ: ಯಾಕೆ ನಿಂತ್ವಿ? ಯಾರಾದ್ರೂ ಬಂದ್ರಾ?

ನಾನು ಇನ್ನೊಮ್ಮೆ ಬ್ರೇಕು ಒತ್ತಿದೆ.

ಹೆಂಡತಿ: ಕೇಬಲ್ ಕಿತ್ತುಹೋಗುತ್ತೆ, ಸುಮ್ನೆ ಬಾಯಿ ಆಡಿಸ್ಬೇಡ. ಯಾರು ಅಂತ ಹೇಳು.

ಮೃಗದ ಬಾಯಿ ಮತ್ತೆ ತೆರೆದು ಮುಚ್ಚಿತು.

ಹೆಂಡತಿ: ರೀ. ನೀವು ಬಾಯಿ ಬಿಡ್ತೀರೋ ಇಲ್ವೋ?

ನಮ್ಮ ಮನೆಯಲ್ಲಿ ದಿನನಿತ್ಯದ ಭಾಷೆ ‘ನೀನು’. ಅವಳು ‘ರೀ’ ಎಂದು ಬಹುವಚನಕ್ಕೆ ಏರಿದಳೆಂದರೆ ಮರ್ಯಾದೆ ಮುಗಿಯಿತು ಎಂದರ್ಥ. ಕಲಾವಿದೆಗೆ ಅದು ತಿಳಿಯುವಂತಿರಲಿಲ್ಲ. ಅವರು ದನಿ ಬಂದ ದಿಕ್ಕನ್ನು ಹುಡುಕುತ್ತಾ ಪಕ್ಕೆಲುಬಿನ ಉದ್ದಕ್ಕೆ ನಡೆದುಹೋಗಿ, ಹೊಟ್ಟೆಯ ಹತ್ತಿರದ ಪರದೆ ಎತ್ತಿ ಬಗ್ಗಿದರು. ನನ್ನ ಸಂದಿಯಲ್ಲಿ ಈಗ ನೀರಿನ ಬಾಟಲಿಯವರು ಮಾತ್ರ ಉಳಿದರು. ಮುಂದಿನದೆಲ್ಲ ನಾನು ಬೆನ್ನ ಹಿಂದಿನಿಂದ ಕೇಳಿಸಿಕೊಂಡದ್ದು.

ಕಲಾವಿದೆ: ಒಳಗೆ ಯಾರಮ್ಮಾ?

ಹೆಂಡತಿ: ಹಿಂಗಾಲು ಮೇಡಂ.

ಕಲಾವಿದೆ: ಮುಂದೆ ಇರೋರಿಗೆ ಮಾತು ಬರಲ್ವಾ?

ಹೆಂಡತಿ: ಬರುತ್ತೆ ಮೇಡಂ. ಇವತ್ತು ಮನೇಲಿ ಬಿಟ್ಟು ಬಂದಿದಾರೆ.

ಕಲಾವಿದೆ ಹಲ್ಲುಗಳು ಬಹಳ ಚೆನ್ನಾಗಿವೆ, ಯಾರು ಮಾಡಿದ್ದು ಎಂದರು. ನಾನೇ, ಅದೇ ನನ್ನ ಕೆಲಸ ಎಂದಳು ಇವಳು. ಅಲ್ಲಿಂದ ಮಾತು ಬೇರೆ ದಾರಿ ಹಿಡಿಯಿತು. ಕಲಾವಿದೆಯ ಕೆಳಗಿನ ಸೆಟ್ಟು ಸಡಿಲವಾಗಿದೆಯಂತೆ, ‘ಸ’ ಅಂದಾಗ ಶಿಳ್ಳೆ ಬರುತ್ತದಂತೆ. ಎಷ್ಟು ಹಳೆಯದು ಎಂದು ಇವಳು ಕೇಳಿದಳು. ರಾತ್ರಿ ನೀರಿನಲ್ಲಿ ಇಡುತ್ತೀರಾ, ಒಸಡು ಎಲ್ಲಿ ಒತ್ತುತ್ತದೆ ಎಂದು ಒಂದೊಂದಾಗಿ ವಿಚಾರಿಸಿಕೊಂಡಳು. ನನ್ನ ಬಾಲ್ಯದ ದೇವತೆ ನನ್ನಿಂದ ಒಂದು ಮೊಳ ದೂರದಲ್ಲಿ, ನನ್ನ ಹೆಂಡತಿಗೆ ತನ್ನ ಒಸಡಿನ ವಿವರ ಕೊಡುತ್ತಿದ್ದಳು. ನಾನು ಬ್ರೇಕು ಹಿಡಿದು ನಿಂತಿದ್ದೆ.

ಪರದೆ ಬಿಡುವ ಮೊದಲು ಅವರು ಇನ್ನೊಂದು ಮಾತು ತೆಗೆದರು.

ಕಲಾವಿದೆ: ಹೋದ ಸಲ ಹಿಂದೆ ಇದ್ದದ್ದು ನೀನಲ್ಲ, ಅಲ್ವಾ?

ಹೆಂಡತಿ: ಹೇಗೆ ಗೊತ್ತಾಯ್ತು ಮೇಡಂ?

ಕಲಾವಿದೆ: ಅವು ಹಿಂಗಾಲು. ಇವು ಡಾನ್ಸು.

ಹೆಂಡತಿ: ಓ.

ಕಲಾವಿದೆ: ತಪ್ಪು ತಿಳ್ಕೋಬೇಡ. ಚೆನ್ನಾಗೇ ಕುಣೀತೀಯ. ಆದ್ರೆ ಈ ಪ್ರಾಣಿ ಇದೆಯಲ್ಲ, ಇದು ಯಾವ ಕಾಲದಿಂದ್ಲೋ ಒಂದೇ ಗವಿ ಕಾಯ್ತಾ ಇದೆ. ಅದಕ್ಕೆ ಸಾಕಾಗಿದೆ. ಎದ್ದು ಹೋಗೋಣ ಅಂದ್ರೆ ಕೆಲಸ. ಅದನ್ನ ಬರೀಬೇಕು ಅಂತ ಎಷ್ಟು ಒದ್ದಾಡಿದ್ರೂ ಡಬ್ಬದ ಮೇಲೆ ಬರ್ಲಿಲ್ಲ. ಹೋದ ಸಲ ನಿಮ್ಮ ಹಿಂಗಾಲು ನೋಡ್ದೆ ನೋಡು. ಪ್ರತಿ ಹೆಜ್ಜೇಲೂ ಮನೆಗೆ ಹೋಗೋಣ, ಮನೆಗೆ ಹೋಗೋಣ ಅಂತಿತ್ತು. ತಲೆ ಹತ್ರ ಬರೀ ಮರ್ಯಾದೆಗೆ ಮಾತಾಡಿದ್ದು, ಕಣ್ಣೆಲ್ಲ ಹಿಂದೇನೇ ಇತ್ತು ನಂಗೆ. ಯಾರವರು?

ಆ ಪ್ರಶ್ನೆಗೂ ಉತ್ತರಕ್ಕೂ ನಡುವೆ ಹೆಚ್ಚು ಹೊತ್ತೇನೂ ಆಗಿರಲಿಕ್ಕಿಲ್ಲ. ಆದರೆ ಹೋದ ಸಲ ಆ ತಲೆಯೊಳಗೆ ಇದ್ದವಳು ಇವಳೇ. ನನ್ನ ಬೆಲ್ಟಿನ ಮೇಲಿದ್ದ ಹಿಡಿತ ಒಮ್ಮೆ ಬಿಗಿಯಾಗಿ, ಹಾಗೇ ಇದ್ದು, ಆಮೇಲೆ ನಿಧಾನಕ್ಕೆ ಸಡಿಲಾಯಿತು.

ಹೆಂಡತಿ: ಅವರೇ ಮೇಡಂ. ಮುಂದೆ ಇದಾರಲ್ಲ. ನಮ್ಮೆಜಮಾನ್ರು. ಈ ಸಲ ಬಡ್ತಿ ಕೊಟ್ವಿ.

ಕಲಾವಿದೆ: ಎಂಥ ಕೆಲಸ ಮಾಡಿದ್ರಿ.

ಹೆಂಡತಿ: ಚಿಕ್ಕವರಿದ್ದಾಗಿಂದ ನಿಮ್ಮ ಮೃಗದ ಚಿತ್ರ ಬರೀತಿದ್ರಂತೆ. ನಿಮ್ಮನ್ನ ಮಾತಾಡಿಸ್ಬೇಕು ಅಂತಾನೇ ಜಗಳ ಮಾಡಿ ಮುಂದೆ ಬಂದ್ರು. ಒಂಚೂರು ಹೋಗಿ ನಿಂತ್ಕೊಳ್ಳಿ ಮೇಡಂ, ಪ್ಲೀಸ್.

ಕಲಾವಿದೆ ಪಕ್ಕೆಲುಬಿನ ಉದ್ದಕ್ಕೆ ವಾಪಸು ನಡೆದು ಬಂದರು. ಸಂದಿಯಲ್ಲಿ ಮತ್ತೆ ಅವರ ಮುಖ ತುಂಬಿತು. ನೀವೇನಾ ಎಂದರು. ಹೇಗೆ ಬರೆದಿರಿ ಎಂದು ಕೇಳುವುದು ನಾಲಿಗೆಯ ತುದಿಯಲ್ಲಿತ್ತು. ಆದರೆ ಇಷ್ಟು ಮೇಳಗಳ ರೂಢಿ, ನನ್ನ ಕಣ್ಣು ತಾನಾಗಿ ಅವರ ಮುಖ ಬಿಟ್ಟು ನೆಲಕ್ಕಿಳಿಯಿತು.

ನಾನು: ನಿಮ್ಮ ಬೂಟಿನ ಲೇಸು ಬಿಚ್ಚಿದೆ.

ಅವರು ನೋಡಿಕೊಂಡರು. ಬಿಚ್ಚಿತ್ತು. ನನ್ನ ಮುಂಗಾಲಿನ ಮೇಲೆ ಒಂದು ಕಾಲಿಟ್ಟು, ಬಗ್ಗಿ, ಲೇಸು ಕಟ್ಟಿಕೊಂಡರು. ಬಹಳ ಉಪಕಾರ ಆಯ್ತು, ಈ ವಯಸ್ಸಲ್ಲಿ ಬಿದ್ರೆ ಕಷ್ಟ ಎಂದರು. ಮುಂದಿನ ವೇಷದ ಕಡೆ ಹೋದರು. ನನ್ನ ಜೀವಮಾನದ ಸಂಭಾಷಣೆ ಅಲ್ಲಿಗೆ ಮುಗಿಯಿತು.

ಹೆಂಡತಿ: ಏನಂದೆ?

ನಾನು: ಲೇಸು ಬಿಚ್ಚಿದೆ ಅಂದೆ.

ಹೆಂಡತಿ: ಹೊರಗೆ ಹೋಗೋ ದಾರಿ ಕೇಳಿದ್ದಕ್ಕಿಂತ ಪರವಾಗಿಲ್ಲ.

ಬಹುಮಾನ ನಮಗೆ ಬರಲಿಲ್ಲ. ಪುಟ್ಟ ಮಗುವನ್ನು ಮಧ್ಯೆ ನಿಲ್ಲಿಸಿಕೊಂಡು ಮನೆಮಂದಿಯೆಲ್ಲ ಚದುರಂಗದ ಕಾಯಿಗಳಾಗಿ ಬಂದಿದ್ದರು; ಅವರಿಗೆ ಹೋಯಿತು. ಅವರ ಕುದುರೆ ಒಬ್ಬರೇ ಹೊಗುವಂಥದ್ದು ಎಂದು ನಾವಿಬ್ಬರೂ ಗಮನಿಸಿದೆವು.

ವಾಪಸು ಬರುವ ಬಸ್ಸಿನಲ್ಲಿ ಮೃಗದ ತಲೆ ನನ್ನ ತೊಡೆಯ ಮೇಲಿತ್ತು, ಬಾಲ ಅವಳ ತೊಡೆಯ ಮೇಲೆ. ಕಂಡಕ್ಟರು ಇದಕ್ಕೆ ಲಗೇಜೋ ಸೀಟೋ ಎಂದು ಯೋಚಿಸಿ ಏನೂ ತೀರ್ಮಾನಿಸಲಾಗದೆ ಮುಂದೆ ಹೋದರು. ಅವಳು ಮುಖ ಊದಿಸಿಕೊಂಡು ಕಿಟಕಿಯಾಚೆ ನೋಡುತ್ತಿದ್ದಳು. ಇಷ್ಟು ಮೇಳಗಳಲ್ಲಿ ನಾನು ಬರೀ ಗೂಟವೆಂದು ತಿಳಿದಿದ್ದ ಜಾಗದಲ್ಲಿ, ನನಗೇ ತಿಳಿಯದೆ ಕಲಾವಿದನಾಗಿದ್ದೆ. ಅದನ್ನು ಯಾರಿಗಾದರೂ ಹೇಳಬೇಕಿತ್ತು. ಹೇಳಬೇಕಾದವಳೇ ಪಕ್ಕದಲ್ಲಿ ಕೂತಿದ್ದಳು, ಅವಳಿಗೆ ಆಗಲೇ ಗೊತ್ತಿತ್ತು. ಹಾಗಾಗಿ ನಾನು ದೊಡ್ಡ ಮನಸ್ಸು ಮಾಡಿದೆ.

ನಾನು: ಹೋಗ್ಲಿ ಬಿಡು. ನೀನು ಮುಂದೆಯೇ ಚೆನ್ನ. ಮುಂದಿನ ಮೇಳಕ್ಕೆ ನಾನು ಮತ್ತೆ ಹಿಂದೆ ಹೋಗ್ತೀನಿ.

ಹೆಂಡತಿ: ಬೇಡ ರೀ.

ನಾನು: ಬೇಡ ರೀ ಅಂದ್ರೆ?

ಹೆಂಡತಿ: ನೀವು ಮುಂದೆ ಇರಿ. ಬ್ರೇಕು ಒತ್ತೋದು ಕಲ್ತಿದೀರಲ್ಲ.

ನಾನು: ಅವರು ನನ್ನ ಹಿಂಗಾಲನ್ನ ಮೆಚ್ಚಿದ್ದು, ನೀನೇ ಕೇಳಿಸ್ಕೊಂಡೆ.

ಹೆಂಡತಿ: ಮೆಚ್ಚಿದ್ದು ಸಾಕಾಗಿರೋ ಕಾಲನ್ನ. ದಿನಾ ಬೆಳಗ್ಗೆಯಿಂದ ಸಾಯಂಕಾಲದ ತನಕ ಲ್ಯಾಬಲ್ಲಿ ನಿಂತೇ ಕೆಲಸ ಮಾಡೋಳು ನಾನು. ನೀವು ಕುರ್ಚೀಲಿ ಕೂತು ಫೋನೆತ್ತೋರು. ಸಾಕಾಗೋದು ಅಂದ್ರೇನು ಅಂತ ಮುಂದಿನ ಸಲ ತೋರಿಸ್ತೀನಿ.

ನಾನು: ಅದು ನನ್ನ ಜಾಗ ಕಣೇ.

ಹೆಂಡತಿ: ಆಗಿತ್ತು.